ಎಡಿಟ್ ಮಾಡಿಲ್ಲ ಅಂದಮೇಲೆ ಫೋಟೋ ನಿಜ ತಾನೇ?

ಪ್ರಶ್ನೆ: ಪ್ರಚಾರದ ಫೋಟೋ ಒಂದು ಗ್ರೂಪಿಗೆ ಬಂದಿತ್ತು. ನಮ್ಮ ಹುಡುಗ ಜೂಮ್ ಮಾಡಿ ನೋಡಿ, ಎಲ್ಲೂ ಎಡಿಟ್ ಆಗಿಲ್ಲ ಅಂದ. ನಂಬಬಹುದಲ್ರೀ? (ಚಳ್ಳಕೆರೆಯ ಓದುಗರು)

ಉತ್ತರ: ನಂಬಬೇಡಿ. ದಾವಣಗೆರೆಯಿಂದ ಮೊಳಕಾಲ್ಮೂರಿನ ತನಕ ಚುನಾವಣೆ ಬಂತೆಂದರೆ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ.

ಸುಳ್ಳು ಫೋಟೋ ಅಂದರೆ ಒಬ್ಬರ ತಲೆ ಇನ್ನೊಬ್ಬರ ಮೈಗೆ ಅಂಟಿಸಿದ್ದು ಅನ್ನೋ ನಂಬಿಕೆಯನ್ನು ಯಾವ ಪುಣ್ಯಾತ್ಮ ಬಿತ್ತಿದನೋ, ಕಿತ್ತಷ್ಟೂ ಚಿಗುರುತ್ತೆ. ಅಷ್ಟೆಲ್ಲ ಕಷ್ಟ ಯಾರು ಪಡ್ತಾರ್ರೀ? ಅಸಲಿ ಫೋಟೋ ತಗೊಂಡು ಊರು, ವರ್ಷ ಬದಲಿಸಿದರೆ ಸಾಕು. 2021ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶ ಸರ್ಕಾರದ ಸಾಧನೆ ಸಾರುವ ಜಾಹೀರಾತೊಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದ ಫ್ಲೈಓವರ್ ಕೋಲ್ಕತ್ತದ್ದು. ಮೇಲೆ ಓಡುತ್ತಿದ್ದ ಹಳದಿ ಟ್ಯಾಕ್ಸಿಯೇ ಸಾಕ್ಷಿ ಹೇಳಿತು. ತಪ್ಪು ತಮ್ಮ ಮಾರ್ಕೆಟಿಂಗ್ ವಿಭಾಗದ್ದು ಅಂತ ಪತ್ರಿಕೆಯವರು ಕ್ಷಮೆ ಕೇಳಿದರು. 2017ರಲ್ಲಿ ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಯಲ್ಲಿ, ನಮ್ಮ ಗಡಿಗೆ ಹಾಕಿದ ದೀಪಗಳು ಅಂತ ಸ್ಪೇನ್-ಮೊರಾಕ್ಕೊ ಗಡಿಯ ಚಿತ್ರ ಅಚ್ಚಾಗಿತ್ತು. ಇವನ್ನು ನಿಮ್ಮ ಹುಡುಗ ಎಷ್ಟು ಜೂಮ್ ಮಾಡಿದರೂ ಏನೂ ಸಿಗುತ್ತಿರಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮಾರಿಕಣಿವೆಯನ್ನೇ ತಗೊಳ್ಳಿ. ಅಲ್ಲಿನ ಅಣೆಕಟ್ಟು ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು, ಆಮೇಲೆ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. 2022ರ ಫೋಟೋ ಹಾಕಿ "ನಮ್ಮ ನಾಯಕರು ಈ ವರ್ಷ ತುಂಬಿಸಿದರು" ಅಂತ ಬರೆದರೆ ಫೋಟೋ ಅಪ್ಪಟ ನಿಜ, ಮಾತು ಅಪ್ಪಟ ಸುಳ್ಳು. ಇನ್ನು ಸಾಲುಸಾಲು ಗೇಟು ತೆರೆದು ನೀರು ಧುಮುಕುತ್ತಿದೆ ಅಂದರೆ ಅದು ಮಾರಿಕಣಿವೆಯೇ ಅಲ್ಲ. ಇಲ್ಲಿ ನೀರು ಹೋಗೋದು ಕೋಡಿ ಮೇಲಿಂದ. ಇದನ್ನು ಹಿಡಿಯೋಕೆ ಕಂಪ್ಯೂಟರ್ ಬೇಡ, ಹಿರಿಯೂರಿನ ಯಾವ ರೈತರನ್ನು ಕೇಳಿದರೂ ಆದೀತು.

ಊರು ಗುರುತಾಗದಿದ್ದರೆ, ಅದೇ ಫೋಟೋ ಬೇರೆಲ್ಲಿ ಬಂದಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಇದೇ ಕೆಲಸ ಮಾಡುವ ಟಿನ್‌ಐ ವೆಬ್‌ಸೈಟಿನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಅಲ್ಲೂ ಏನೂ ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಂತ ಮಾತ್ರ ಅರ್ಥ, ದಯವಿಟ್ಟು ಅದನ್ನೇ ಪ್ರಮಾಣಪತ್ರ ಮಾಡ್ಕೋಬೇಡಿ. "ಡೀಟೇಲ್ಸ್‌ನಲ್ಲಿ ಇವತ್ತಿನ ತಾರೀಕಿದೆ" ಅಂತಲೂ ವಾದ ಮಾಡಬೇಡಿ. ವಾಟ್ಸಾಪ್‌ನಲ್ಲಿ ಬರುವಾಗ ಫೋಟೋ ತೆಗೆದ ತಾರೀಕು, ಜಾಗ ಎಲ್ಲ ಸಾಮಾನ್ಯವಾಗಿ ಅಳಿಸಿಹೋಗಿರುತ್ತೆ. ನಿಮಗೆ ಕಾಣೋದು ಅದು ನಿಮ್ಮ ಫೋನಿಗೆ ಇಳಿದ ದಿನ.

ಕೇಳಿಲ್ಲ ನೀವು, ಆದರೂ ಹೇಳಿಬಿಡ್ತೀನಿ. ಚುನಾವಣಾ ಅಕ್ರಮದ ಬಗ್ಗೆ ದೂರು ಕೊಡೋಕೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆಯಲ್ಲ, ಅದು ಗ್ಯಾಲರಿಯ ಫೋಟೋವನ್ನು ಮುಟ್ಟೋದೇ ಇಲ್ಲ. ಚುನಾವಣೆ ಘೋಷಣೆಯಾದ ಮೇಲೆ ಸೀರೆ, ಕುಕ್ಕರ್ ಹಂಚೋದು ಕಣ್ಣಿಗೆ ಬಿತ್ತು ಅನ್ನಿ. ಅಲ್ಲೇ ನಿಂತು, ಆ್ಯಪ್ ತೆರೆದೇ ಫೋಟೋ ತೆಗೀಬೇಕು. ಜಾಗವನ್ನು ಅದೇ ಗುರುತು ಹಾಕಿಕೊಳ್ಳುತ್ತೆ, 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನೋದು ಲೆಕ್ಕ. ಗ್ರೂಪಿನಲ್ಲಿ ಬಂದದ್ದನ್ನು ಅದಕ್ಕೆ ಹಾಕೋಕೆ ಹೋಗಿ, ಆ್ಯಪ್ ಕೆಟ್ಟಿದೆ ಅಂತ ನನಗೆ ಬರೀಬೇಡಿ.