ಎಸ್-100 ಬಸ್: ಇಲ್ಲಿ ‘ಬಸ್’ ಅಂದರೆ ಏನು?

ಹಳೆಯ ಕಂಪ್ಯೂಟರುಗಳ ಬಗ್ಗೆ ಕನ್ನಡದಲ್ಲಿ ಬಂದ ಮತ್ತೊಂದು ಬರಹದಲ್ಲಿ ಮೊನ್ನೆ ಅದೇ ತಪ್ಪು ಕಣ್ಣಿಗೆ ಬಿತ್ತು. ‘ಎಸ್-100 ಎಂಬ ಕಂಪ್ಯೂಟರ್ 1975ರಲ್ಲಿ ಬಿಡುಗಡೆಯಾಯಿತು’ ಅಂತ ಒಂದು ಸಾಲು. ಎರಡು ಪ್ಯಾರಾ ಕೆಳಗೆ, ‘ನಮ್ಮ ಬಸ್ಸುಗಳು ಪ್ರಯಾಣಿಕರನ್ನು ಸಾಗಿಸುವ ಹಾಗೆ ಈ ಬಸ್ ಬಿಟ್‌ಗಳನ್ನು ಸಾಗಿಸುತ್ತದೆ’ ಅಂತ ಇನ್ನೊಂದು. ಎಸ್-100 ಒಂದು ಕಂಪ್ಯೂಟರ್ ಅಲ್ಲ, ಕಂಪ್ಯೂಟರಿನೊಳಗೆ ಕಾರ್ಡುಗಳನ್ನು (ಚಿಪ್ ಕೂರಿಸಿದ ಹಲಗೆಗಳನ್ನು) ಒಂದಕ್ಕೊಂದು ಜೋಡಿಸುವ ತಂತಿಗಳ ಸಾಲು. ಆ ಹೆಸರಿನ ಕಂಪ್ಯೂಟರ್ 1975ರಲ್ಲಿ ಬಿಡುಗಡೆಯಾಗಲಿಲ್ಲ, ಆ ಹೆಸರೇ ಆಗ ಹುಟ್ಟಿರಲಿಲ್ಲ. ಇನ್ನು ಆ ಪ್ರಯಾಣಿಕರ ಹೋಲಿಕೆ ಶಾಲೆಯ ನೋಟ್ಸಿನಿಂದ ಹಿಡಿದು ಯೂಟ್ಯೂಬ್ ಪಾಠದವರೆಗೂ ಹಬ್ಬಿದೆ. ಅದರಿಂದ ಪದದ ಅರ್ಥ ಮಾತ್ರವಲ್ಲ, ಯಂತ್ರ ಕೆಲಸ ಮಾಡುವ ರೀತಿಯೂ ತಪ್ಪಾಗಿ ತಲೆಗೆ ಹೋಗುತ್ತದೆ. ಹಾಗಾಗಿ ಮೊದಲು ಪದಕ್ಕೇ ಬರುತ್ತೇನೆ.

ಲ್ಯಾಟಿನ್‌ನಲ್ಲಿ ‘ಓಮ್ನಿಸ್’ ಅಂದರೆ ಎಲ್ಲ. ‘ಓಮ್ನಿಬುಸ್’ ಅಂದರೆ ಎಲ್ಲರಿಗೂ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ, ದುಡ್ಡು ಕೊಟ್ಟ ಯಾರು ಬೇಕಾದರೂ ಹತ್ತಬಹುದಾದ ಕುದುರೆ ಗಾಡಿ ಓಡಿಸಿದ. ಆ ಗಾಡಿಗೆ ಓಮ್ನಿಬಸ್ ಎಂಬ ಹೆಸರು ನಿಂತಿತು. ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿ ಬೋರ್ಡಿನಿಂದ ಆ ಹೆಸರು ಬಂತು ಎನ್ನುವ ಕತೆಯೂ ಇದೆ, ಅದನ್ನು ಕತೆಯೆಂದೇ ಇಟ್ಟುಕೊಳ್ಳೋಣ. ಆಮೇಲೆ ಜನ ತಲೆಯ ಭಾಗ ಕತ್ತರಿಸಿ ಬಾಲವನ್ನು ಮಾತ್ರ ಉಳಿಸಿಕೊಂಡರು. ‘ಬಸ್’ ಅಷ್ಟೇ ಉಳಿಯಿತು.

ಆ ಬಾಲ ಏನು ಅಂತ ನೋಡಿ. ಅದು ಬರೀ ವಿಭಕ್ತಿ ಪ್ರತ್ಯಯ, ಚತುರ್ಥಿಯ ಬಹುವಚನ. ನಾವು ‘ಎಲ್ಲರಿಗೂ’ ಪದದಲ್ಲಿ ‘ಎಲ್ಲ’ವನ್ನು ಬಿಸಾಕಿ ‘ರಿಗೂ’ ಅನ್ನುವುದನ್ನೇ ಒಂದು ಗಾಡಿಯ ಹೆಸರಾಗಿ ಇಟ್ಟುಕೊಂಡ ಹಾಗೆ. ಈ ಪ್ರತ್ಯಯ ನಮ್ಮ ಕಿವಿಗೆ ಹೊಸದೂ ಅಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಾಡಿಸುವ ಮೊದಲು ‘ಶ್ರೀ ಗುರುಭ್ಯೋ ನಮಃ’ ಅಂತ ಹೇಳಿಸುತ್ತಾರಲ್ಲ, ಅಲ್ಲಿರುವ ‘ಭ್ಯಃ’ ಮತ್ತು ಲ್ಯಾಟಿನ್‌ನ ‘ಬುಸ್’ ಒಂದೇ ಬೇರಿನ ಎರಡು ಚಿಗುರು. ಗುರುಗಳಿಗೆ, ಎಲ್ಲರಿಗೆ. ಎರಡರಲ್ಲೂ ಆ ‘ಗೆ’ಯ ಕೆಲಸ ಮಾಡುತ್ತಿರುವುದು ಅದೇ ಪ್ರತ್ಯಯ. ಈ ನಂಟು ಗೊತ್ತಾದ ದಿನದಿಂದ ನನಗೆ ‘ಬಸ್’ ಪದದಲ್ಲಿ ಚಕ್ರ ಕಾಣುವುದಿಲ್ಲ, ‘ಎಲ್ಲರಿಗೂ’ ಎನ್ನುವುದೇ ಕೇಳಿಸುತ್ತದೆ.

ಕಂಪ್ಯೂಟರಿನವರು ಈ ಪದವನ್ನು ಗಾಡಿಯಿಂದ ತಂದದ್ದಲ್ಲ, ವಿದ್ಯುತ್ತಿನವರಿಂದ ತಂದದ್ದು. ವಿದ್ಯುತ್ ಕೇಂದ್ರಗಳಲ್ಲಿ ಜನರೇಟರುಗಳೆಲ್ಲ ಕರೆಂಟ್ ತಂದು ಸುರಿಯುವ, ಸರ್ಕ್ಯೂಟುಗಳೆಲ್ಲ ಅಲ್ಲಿಂದಲೇ ಎಳೆದುಕೊಳ್ಳುವ ದಪ್ಪ ತಾಮ್ರದ ಪಟ್ಟಿಗೆ ಓಮ್ನಿಬಸ್ ಬಾರ್ ಎಂಬ ಹೆಸರಿತ್ತು. ಅದೇ ಸವೆದು ಬಸ್‌ಬಾರ್ ಆಯಿತು. ಇವತ್ತಿಗೂ ಎಲೆಕ್ಟ್ರಿಷಿಯನ್ ಪ್ಯಾನೆಲ್ ಬಿಚ್ಚಿ ‘ಬಸ್‌ಬಾರ್ ಕಾದುಬಿಟ್ಟಿದೆ ಸಾರ್’ ಅಂದಾಗ ಯಾರೂ ಬಸ್ ಸ್ಟ್ಯಾಂಡ್ ನೆನೆಸಿಕೊಳ್ಳುವುದಿಲ್ಲ. ಆ ಪಟ್ಟಿ ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಇದ್ದು ಎಲ್ಲರಿಗೂ ಒದಗುತ್ತದೆ. 1970ರಲ್ಲಿ ಡಿಇಸಿ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ ತನ್ನ ಪಿಡಿಪಿ-8/ಇ ಯಂತ್ರದ ಬಸ್ಸಿಗೆ ‘ಓಮ್ನಿಬಸ್’ ಅಂತಲೇ ಹೆಸರಿಟ್ಟು, ಕತ್ತರಿಸಿಹೋದ ತಲೆಯನ್ನು ಮತ್ತೆ ಜೋಡಿಸಿತು.

ಕಂಪ್ಯೂಟರಿನೊಳಗೆ ಬಸ್ ಅಂದರೆ ಹಲವು ಕಾರ್ಡುಗಳು ಒಟ್ಟಾಗಿ ಹಂಚಿಕೊಂಡ ಒಂದೇ ಸಾಲು ತಂತಿಗಳು. ಪ್ರೊಸೆಸರ್ ಒಂದು ವಿಳಾಸವನ್ನು ಆ ತಂತಿಗಳ ಮೇಲೆ ಇಟ್ಟರೆ ಅದು ಎಲ್ಲ ಕಾರ್ಡುಗಳಿಗೂ ಒಟ್ಟಿಗೇ ತಲುಪುತ್ತದೆ. ಯಾರ ವಿಳಾಸವೋ ಅವರು ಮಾತ್ರ ಉತ್ತರ ಕೊಡುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಅಂಚೆಯವನು ಒಂದೊಂದೇ ಮನೆಗೆ ಹೋಗಿ ಕಾಗದ ಕೊಟ್ಟ ಹಾಗಲ್ಲ, ಊರಲ್ಲಿ ಡಂಗುರ ಸಾರಿದ ಹಾಗೆ. ಹೋಲಿಕೆ ಕೊಡಲೇಬೇಕೆಂದಿದ್ದರೆ ಇದನ್ನು ಕೊಡಿ. ಇಬ್ಬರು ಒಟ್ಟಿಗೆ ಡಂಗುರ ಸಾರಿದರೆ ಏನಾಗುತ್ತದೆ ಎಂಬ ಮುಂದಿನ ಪ್ರಶ್ನೆಯನ್ನೂ ಆಗ ಮಕ್ಕಳೇ ಕೇಳುತ್ತಾರೆ. ಪ್ರಯಾಣಿಕರ ಹೋಲಿಕೆಯಿಂದ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಈಗ ‘ಎಸ್-100’ಕ್ಕೆ ಬರೋಣ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಅವರ ಮಿಟ್ಸ್ ಎಂಬ ಸಣ್ಣ ಕಂಪನಿ ಇತ್ತು. ಅದರ ಆಲ್ಟೇರ್ 8800 ಕಿಟ್ 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಮುಖಪುಟದಲ್ಲಿ ಬಂತು. ಇಂಟೆಲ್ 8080 ಚಿಪ್, 256 ಬೈಟ್ ಮೆಮೊರಿ, ಕೀಬೋರ್ಡಿಲ್ಲ, ಪರದೆಯಿಲ್ಲ. ಆದರೆ ಒಳಗೆ ಹೊಸ ಕಾರ್ಡುಗಳನ್ನು ಕೂರಿಸುವ ಖಾಲಿ ಸ್ಲಾಟುಗಳಿಗೆ ಜಾಗವಿತ್ತು. ಆ ಸ್ಲಾಟುಗಳಿಗೆ ರಾಬರ್ಟ್ಸ್ ಬಳಸಿದ್ದು ಅಗ್ಗಕ್ಕೆ ಸಿಕ್ಕ 100 ಪಿನ್ನಿನ ಕನೆಕ್ಟರುಗಳನ್ನು. ಹೆಸರಿನಲ್ಲಿರುವ 100 ಅಂದರೆ ಈ ಪಿನ್ನುಗಳು, ಅಷ್ಟೇ. ಅದು ವೇಗವೂ ಅಲ್ಲ, ಮಾಡೆಲ್ ನಂಬರೂ ಅಲ್ಲ.

ಅಂಥ ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ ಕೆಳ ಅಂಚಿನಲ್ಲಿ ಚಿನ್ನದ ಲೇಪದ ಬೆರಳುಗಳ ಸಾಲು. ಮುಂದೆ 1ರಿಂದ 50, ಹಿಂದೆ 51ರಿಂದ 100. ವಿಳಾಸದ ಮೊದಲ ಮೂರು ತಂತಿಗಳು 79, 80, 81ರಲ್ಲಿ ಕ್ರಮವಾಗಿ ಬರುತ್ತವೆ. ನಾಲ್ಕನೆಯದು ಹಠಾತ್ತನೆ ಹಲಗೆಯ ಇನ್ನೊಂದು ಮುಖದ 31ಕ್ಕೆ ಹಾರುತ್ತದೆ. ಹನ್ನೊಂದನೆಯದು 37ರಲ್ಲಿ, ಡೇಟಾ ತಂತಿಗಳ ನಡುವೆ ಸಿಕ್ಕಿಕೊಂಡಿದೆ. ಕೂತು ಯೋಚಿಸಿ ಮಾಡಿದ ಮಾನಕದ ಲಕ್ಷಣ ಇದಲ್ಲ. ಬೇಗ ಮುಗಿಸಬೇಕಾದ ಹಲಗೆಯಲ್ಲಿ ತಂತಿ ಎಳೆಯಲು ಎಲ್ಲಿ ಅನುಕೂಲವೋ ಅಲ್ಲಿಗೆ ಬಂದು ನಿಂತ ಅಂಕಿಗಳು ಇವು. 2ನೇ ಬೆರಳಿನಲ್ಲಿ +16 ವೋಲ್ಟ್, ಸರಿಯಾಗಿ ಅದರ ಬೆನ್ನಿಗಿರುವ 52ರಲ್ಲಿ −16. ಸ್ವಿಚ್ ಆರಿಸದೆ ಕಾರ್ಡ್ ಎಳೆದವರಿಗೆ ಚಿಪ್ ಸುಡುವ ಭಯ ಇದ್ದೇ ಇತ್ತು. ಬಸ್ಸಿನಲ್ಲಿ ಬರುತ್ತಿದ್ದ ಸುಮಾರು 8 ವೋಲ್ಟನ್ನು ಪ್ರತಿ ಕಾರ್ಡೂ ತನ್ನದೇ ರೆಗ್ಯುಲೇಟರಿನಿಂದ 5ಕ್ಕೆ ಇಳಿಸಿಕೊಳ್ಳಬೇಕು. ಅದಕ್ಕೇ ಆ ಕಾರ್ಡುಗಳ ಮೇಲೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕ್ ಕಾಣುವುದು.

ಮಿಟ್ಸ್‌ನ 4ಕೆ ಡೈನಮಿಕ್ ಮೆಮೊರಿ ಕಾರ್ಡುಗಳು ಕೈಕೊಡುತ್ತಿದ್ದವು. ಅದೇ ಸ್ಲಾಟಿಗೆ ಕೂರುವ, ಸರಿಯಾಗಿ ಕೆಲಸ ಮಾಡುವ ಮೆಮೊರಿ ಕಾರ್ಡನ್ನು ಬಾಬ್ ಮಾರ್ಷ್ ಅವರ ಪ್ರೊಸೆಸರ್ ಟೆಕ್ನಾಲಜಿ ಎಂಬ ಕಂಪನಿ ಮಾರಲು ಶುರುಮಾಡಿತು. ಆ ಸ್ಲಾಟಿಗೆ ಕೂರುವ ಕಾರ್ಡುಗಳೊಂದಿಗೆ ಹ್ಯಾರಿ ಗಾರ್ಲೆಂಡ್ ಮತ್ತು ರೋಜರ್ ಮೆಲೆನ್ ಅವರ ಕ್ರೊಮೆಮ್ಕೊ ಕಂಪನಿಯೂ ಬಂತು. 1975ರ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಲಿಯಾಂಡ್ರೊದಿಂದ ಅದೇ ಬಸ್ ಇರುವ ಇಡೀ ಯಂತ್ರವೇ ಬಂತು, ಇಮ್ಸಾಯ್ 8080. ರಾಬರ್ಟ್ಸ್‌ಗೆ ಇವರೆಲ್ಲ ‘ಪರಾವಲಂಬಿ’ಗಳು. ಆ ಮಾತನ್ನೇ ಎತ್ತಿಕೊಂಡು ಹೊವರ್ಡ್ ಫುಲ್ಮರ್ ತಮ್ಮ ಕಂಪನಿಗೆ ‘ಪ್ಯಾರಸಿಟಿಕ್ ಎಂಜಿನಿಯರಿಂಗ್’ ಎಂದು ಹೆಸರಿಟ್ಟರು.

ಇವರೆಲ್ಲರಿಗೂ ಇದ್ದ ತೊಡಕು ಹೆಸರಿನದೇ. ರಾಬರ್ಟ್ಸ್ ಈ ಬಸ್ಸನ್ನು ಆಲ್ಟೇರ್ ಬಸ್ ಎನ್ನಬೇಕೆನ್ನುತ್ತಿದ್ದರು. ತಮ್ಮ ಸರಕಿನ ಜಾಹೀರಾತಿನಲ್ಲಿ ಎದುರಾಳಿಯ ಹೆಸರನ್ನು ಯಾರು ಹಾಕಿಕೊಳ್ಳುತ್ತಾರೆ? 1976ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಕಂಪ್ಯೂಟರ್ ಸಮ್ಮೇಳನಕ್ಕೆ ಹೊರಟ ವಿಮಾನದಲ್ಲಿ ಕ್ರೊಮೆಮ್ಕೊದವರೂ ಪ್ರೊಸೆಸರ್ ಟೆಕ್ನಾಲಜಿಯವರೂ ಒಟ್ಟಿಗೆ ಇದ್ದರು. ‘ಸ್ಟ್ಯಾಂಡರ್ಡ್ 100’, ಚಿಕ್ಕದಾಗಿ ಎಸ್-100 ಎಂಬ ಹೆಸರಿಗೆ ಒಪ್ಪಿಗೆ ಸಿಕ್ಕಿದ್ದು ಅಲ್ಲಿ. ಯಂತ್ರ ಬಂದು ಒಂದೂವರೆ ವರ್ಷದ ಮೇಲೆ ಅದರ ಬಸ್ಸಿಗೆ ನಾಮಕರಣವಾಯಿತು, ಅದೂ ಹೆತ್ತವರು ಬೇಡವೆಂದ ಹೆಸರಿನಿಂದ.

‘ಎಸ್’ ಅಂದರೆ ಸ್ಟ್ಯಾಂಡರ್ಡ್ ಅಂದಮಾತ್ರಕ್ಕೆ ಅದು ಆಗಲೇ ಮಾನಕವಾಗಿತ್ತು ಎಂದುಕೊಳ್ಳುವುದು ಇನ್ನೊಂದು ತಪ್ಪು. ನೂರರಲ್ಲಿ ಹಲವು ಪಿನ್ನುಗಳಿಗೆ ಇಂಥದೇ ಕೆಲಸವೆಂದು ಯಾರೂ ಗೊತ್ತುಮಾಡಿರಲಿಲ್ಲ. ಒಬ್ಬೊಬ್ಬರು ತಮಗೆ ಬೇಕಾದ ಹಾಗೆ ಬಳಸಿಕೊಂಡರು, ಒಬ್ಬರ ಕಾರ್ಡ್ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೆಲಸ ಮಾಡದೆ ಹೋಯಿತು. ನಿಯಮ ಬರೆಯಲು ಕೂತವರು ಜಾರ್ಜ್ ಮೊರೊ ಮತ್ತು ಅದೇ ಹೊವರ್ಡ್ ಫುಲ್ಮರ್. ಅವರ ಕರಡು 1978ರಲ್ಲಿ ಪ್ರಕಟವಾಯಿತು. ವಿಳಾಸದ ತಂತಿಗಳು 16ರಿಂದ 24ಕ್ಕೆ ಏರಿದವು, ಅಂದರೆ ಪ್ರೊಸೆಸರ್ ತಲುಪಬಹುದಾದ ಮೆಮೊರಿ 64 ಕಿಲೋಬೈಟಿನಿಂದ 16 ಮೆಗಾಬೈಟಿಗೆ. ಒಳಬರುವ 8 ಮತ್ತು ಹೊರಹೋಗುವ 8 ಡೇಟಾ ತಂತಿಗಳನ್ನು ಜೋಡಿಸಿ 16 ಬಿಟ್ ಮಾಡುವ ದಾರಿ ಸಿಕ್ಕಿತು. ಇದು ಎಂಜಿನಿಯರುಗಳ ಸಂಸ್ಥೆ ಐಇಇಇಯ ಐಇಇಇ-696 ಎಂಬ ಅಧಿಕೃತ ಮಾನಕವಾದದ್ದು 1983ರಲ್ಲಿ. ಅಷ್ಟರಲ್ಲಿ 62 ಪಿನ್ನಿನ ಸ್ಲಾಟುಗಳ ಐಬಿಎಂ ಪಿಸಿ ಬಂದು ಎರಡು ವರ್ಷವಾಗಿತ್ತು. 1994ರಲ್ಲಿ ಮಾನಕವನ್ನು ಹಿಂತೆಗೆದುಕೊಂಡರು.

ಹಾಗಾಗಿ ‘ಎಸ್-100 ಕಂಪ್ಯೂಟರ್’ ಅಂತ ಬರೆಯುವವರು ‘ಎಸ್-100 ಬಸ್ ಇರುವ ಕಂಪ್ಯೂಟರ್’ ಅಂತ ಬರೆಯಲಿ, ಒಂದೆರಡು ಪದ ಹೆಚ್ಚಾದರೂ ಪರವಾಗಿಲ್ಲ. ಆ ಬಸ್ ಇದ್ದ ಯಂತ್ರಗಳು ಒಂದಲ್ಲ, ಹತ್ತಾರು. ಅವುಗಳಲ್ಲೊಂದು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಮಾಡಿದ 8086 ಪ್ರೊಸೆಸರಿನ ಕಾರ್ಡ್ ಹೊತ್ತ ಪೆಟ್ಟಿಗೆ. 1980ರಲ್ಲಿ ಅದಕ್ಕೆಂದೇ ಟಿಮ್ ಪ್ಯಾಟರ್ಸನ್ ಬರೆದ ಆಪರೇಟಿಂಗ್ ಸಿಸ್ಟಮ್ಮನ್ನು ಮೈಕ್ರೋಸಾಫ್ಟ್ ಕೊಂಡುಕೊಂಡು ಎಂಎಸ್-ಡಾಸ್ ಎಂದು ಹೆಸರು ಬದಲಿಸಿತು. ಐಬಿಎಂ ಪಿಸಿಯಲ್ಲಿ ಓಡುವ ಮೊದಲು ಅದು ಓಡಿದ್ದು ಈ 100 ಬೆರಳುಗಳ ಮೇಲೆ.