ಅರ್ಜೆಂಟೀನಾ ನಮ್ಮ ಬೀದಿಗೆ ಬಂದಿದ್ದು ಹೇಗೆ

ಫುಟ್‌ಬಾಲ್ ವರ್ಲ್ಡ್ ಕಪ್ ಬಂತೆಂದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ನಮ್ಮ ದೇಶ ಆಡ್ತಾ ಇಲ್ಲ, ಮತ್ತೆ ನಿಮಗ್ಯಾಕೆ ಇಷ್ಟು ಸಂಭ್ರಮ? ಬೆಂಗಳೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಆಟಗಾರ ಪೆಲೆಯ ಪ್ರತಿಮೆಯೇ ಇದೆ. 2022ರಲ್ಲಿ ಕೇರಳದ ಕೋಯಿಕ್ಕೋಡ್ ಹತ್ತಿರದ ಪುಲ್ಲಾವೂರಿನ ಜನ ಹೊಳೆಯ ನಡುವೆ ಅರ್ಜೆಂಟೀನಾದ ಮೆಸ್ಸಿಯ 30 ಅಡಿ ಕಟೌಟ್ ನಿಲ್ಲಿಸಿದರು. ಅದನ್ನು ನೋಡಿ ಬ್ರೆಜಿಲ್ ಕಡೆಯವರು ನೇಮಾರ್‌ದು 40 ಅಡಿಯದ್ದು ತಂದು ನಿಲ್ಲಿಸಿದರು. ಕೋಲ್ಕತ್ತದಲ್ಲಂತೂ ಬೀದಿಗೆ ಬೀದಿಯೇ ಎರಡು ಪಾಲಾಗುತ್ತದೆ.

ಬ್ರೆಜಿಲ್ ಮೇಲಿನ ಪ್ರೀತಿಗೆ ಕಾರಣ ಹೇಳುವುದು ಸುಲಭ. ಅರ್ಜೆಂಟೀನಾದ್ದು ಹಾಗಲ್ಲ. ಆ ಪ್ರೀತಿಗೆ ಒಂದು ತಾರೀಕು ಇದೆ ಅಂತ ನನ್ನ ನಂಬಿಕೆ. 1986ರ ಜೂನ್ 29, ಭಾನುವಾರ, ರಾತ್ರಿ ಹನ್ನೊಂದೂವರೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಫುಟ್‌ಬಾಲ್ ನಮಗೆ ಟಿವಿಯಿಂದ ಬಂದಿದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಹೆಸರು ಮಾಡಿದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ರಾಜ್ಯ ತಂಡಗಳ ನಡುವಿನ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಅಂದರೆ ಆಟ ಗೊತ್ತಿದ್ದ ಜನರೇ. ಹೊರದೇಶದ ಆಟ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಪೆಲೆ ಅಂದರೆ ಆಗ ಪೇಪರಿನ ಒಂದು ಫೋಟೊ, ರೇಡಿಯೊದಲ್ಲಿ ಕೇಳಿದ ಒಂದು ಹೆಸರು. 1977ರ ಸೆಪ್ಟೆಂಬರ್‌ನಲ್ಲಿ ಅವರು ಅಮೆರಿಕದ ಕಾಸ್ಮೋಸ್ ತಂಡದ ಜೊತೆ ಕೋಲ್ಕತ್ತಕ್ಕೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿದರು. ಪಂದ್ಯ 2-2 ಆಯಿತು. ಅವತ್ತು ಮೈದಾನದಲ್ಲಿದ್ದವರು ನೋಡಿದರು, ಉಳಿದ ದೇಶ ಓದಿತು. ಬ್ರೆಜಿಲ್ ಅಭಿಮಾನ ಹೀಗೆ ಓದಿ, ಕೇಳಿ ಬೆಳೆದದ್ದು.

1982ರಲ್ಲಿ ಸ್ಪೇನ್‌ನಲ್ಲಿ ನಡೆದ ವರ್ಲ್ಡ್ ಕಪ್‌ನ ಕೊನೆಯ ಪಂದ್ಯಗಳನ್ನು ದೂರದರ್ಶನ ನೇರವಾಗಿ ತೋರಿಸಿತು. ಜುಲೈ 11ರ ಫೈನಲ್‌ನಲ್ಲಿ ಇಟಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿತು. ಆದರೆ ನೋಡಿದವರು ಎಷ್ಟು ಜನ? ಬೆಂಗಳೂರು ದೂರದರ್ಶನ ಶುರುವಾಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ, 1981ರ ನವೆಂಬರ್ 1ಕ್ಕೆ ಶುರುವಾದದ್ದು. ದೇಶದಲ್ಲಿ ಬಣ್ಣದ ಪ್ರಸಾರ ಬಂದಿದ್ದು ಆ ಫೈನಲ್ ಮುಗಿದು ಒಂದು ತಿಂಗಳ ಮೇಲೆ, ಆಗಸ್ಟ್ 15ಕ್ಕೆ. ನಮ್ಮ ಕಡೆಯ ಸಣ್ಣ ಊರುಗಳಲ್ಲಿ ಟಿವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಡುವಿನ ನಾಲ್ಕು ವರ್ಷದಲ್ಲಿ ಎಲ್ಲವೂ ಬದಲಾಯಿತು. 1983ರ ಆಗಸ್ಟ್ 30ಕ್ಕೆ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರ ಲೆಕ್ಕದಲ್ಲಿ ದೇಶದ ಊರೂರಲ್ಲಿ ಟ್ರಾನ್ಸ್‌ಮಿಟರ್ ಹಾಕಿದರು. ಅದೇ ವರ್ಷ ಹಮ್ ಲೋಗ್ ಧಾರಾವಾಹಿ ಶುರುವಾಯಿತು. ಸಾಲ ಮಾಡಿಯಾದರೂ ಒಂದು ಟಿವಿ ತರಬೇಕು ಅನ್ನುವ ಕಾಲ. ಡಯನೋರಾ, ಸಾಲಿಡೇರ್ ಅನ್ನುವ ಹೆಸರುಗಳು ಮನೆಮಾತಾದವು. ಆ ಹೊಸ ಪೆಟ್ಟಿಗೆಗಳ ಮುಂದೆ ಬಂದು ಬಿದ್ದ ಮೊದಲ ಪೂರ್ತಿ ವರ್ಲ್ಡ್ ಕಪ್ಪೇ ಮೆಕ್ಸಿಕೊ 1986.

ಸಮಯದ್ದೂ ಒಂದು ಕಥೆ ಇದೆ. ಅರ್ಜೆಂಟೀನಾ, ಪಶ್ಚಿಮ ಜರ್ಮನಿ ನಡುವಿನ ಫೈನಲ್ ಶುರುವಾಗಿದ್ದು ಮೆಕ್ಸಿಕೊ ಸಿಟಿಯ ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ. ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದ ಊರು, ಕಡಿಮೆ ಗಾಳಿ, ನೆತ್ತಿಯ ಮೇಲೆ ಸೂರ್ಯ. ಯೂರೋಪಿನವರು ಸಂಜೆ ಮನೆಯಲ್ಲಿ ಕೂತು ನೋಡಲಿ ಅಂತ ಹಾಗೆ ಇಟ್ಟಿದ್ದರು. ಅರ್ಜೆಂಟೀನಾದ ಆಟಗಾರರಾದ ಮರಡೋನಾ, ವಾಲ್ಡಾನೊ ಇಬ್ಬರೂ ಇದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಆಡುವವರ ಕಷ್ಟ ನೋಡಿದರೆ ಅವರು ಹೇಳಿದ್ದು ಸರಿ. ಆದರೆ ಅದೇ ಹೊತ್ತು ನಮಗೆ ರಾತ್ರಿ ಹನ್ನೊಂದೂವರೆ ಆಗುತ್ತಿತ್ತು. ಊಟ ಆಗಿ, ಪಾತ್ರೆ ತೊಳೆದಾಗಿ, ಬಾಗಿಲು ಹಾಕುವ ಹೊತ್ತು. ಸಂಜೆ ನಾಲ್ಕರ ಪಂದ್ಯಗಳಾಗಿದ್ದರೆ ನಮಗೆ ಬೆಳಗಿನ ಜಾವ ಮೂರೂವರೆ. ಅದಕ್ಕೆ ಎಷ್ಟು ಮಕ್ಕಳನ್ನು ಎಬ್ಬಿಸುತ್ತಿದ್ದರು? ಹನ್ನೊಂದೂವರೆ ಆದರೆ ಅಮ್ಮನನ್ನು ಹೇಗೋ ಒಪ್ಪಿಸಬಹುದಿತ್ತು.

ನಾವಿದ್ದದ್ದು ಬಂಗಾರಪೇಟೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಟಿವಿ ಇದ್ದದ್ದು ಪಕ್ಕದ ಮನೆಯ ಗಾರ್ಡ್ ಮಾಮನ ಹತ್ತಿರ. ಮರದ ಶಟರ್ ಇದ್ದ ಬ್ಲ್ಯಾಕ್ ಅಂಡ್ ವೈಟ್ ಸೆಟ್ಟು, ಮೇಲೆ ಅತ್ತೆ ಕ್ರೋಶಾದಲ್ಲಿ ಹಾಕಿದ ಬಟ್ಟೆ, ಪಕ್ಕದಲ್ಲಿ ಗುಂಯ್ ಅನ್ನುವ ಸ್ಟೆಬಿಲೈಸರ್. ಪರದೆಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಆ ಕಾಲದಲ್ಲಿ ಬಣ್ಣದ ಟಿವಿ ಕೊಳ್ಳಲಾಗದ ಮನೆಗಳಲ್ಲಿ ಅದನ್ನು ಹಾಕುವುದಿತ್ತು. ಸಿನಿಮಾದಲ್ಲಿ ಮುಖಗಳೆಲ್ಲ ನೀಲಿಯಾಗುತ್ತಿದ್ದವು. ಫುಟ್‌ಬಾಲ್‌ಗೆ ಮಾತ್ರ ಅದು ಹೇಳಿ ಮಾಡಿಸಿದ ಹಾಗಿತ್ತು. ಕೆಳಗೆ ಹಸಿರು ಮೈದಾನ, ಮೇಲೆ ನೀಲಿ ಆಕಾಶ.

ಬೆಂಗಳೂರಿನ ಸಿಗ್ನಲ್ ಹಿಡಿಯಲು ಮನೆ ಹಿಂದೆ ಎತ್ತರದ ಪೈಪ್ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿದ್ದರು. ಜೂನ್ ತಿಂಗಳ ಗಾಳಿಗೆ ಅದು ತಿರುಗುತ್ತಿತ್ತು. ತಿರುಗಿದ ಕೂಡಲೇ ಪರದೆ ಮೇಲೆ ಚುಕ್ಕಿ ಚುಕ್ಕಿ, ಒಬ್ಬ ಆಟಗಾರನ ಹಿಂದೆ ಇನ್ನೊಬ್ಬ ಅವನದೇ ನೆರಳು. ಗಾರ್ಡ್ ಮಾಮನ ದೊಡ್ಡ ಮಗ, ನಮಗೆಲ್ಲ ಅಣ್ಣ, ಓಡಿಹೋಗಿ ಪೈಪ್ ತಿರುಗಿಸುತ್ತಿದ್ದ. ಕಿಟಕಿ ಹತ್ತಿರ ಕೂತವರ ಕೆಲಸ ಕೂಗುವುದು. ಬಂತಾ? ಇಲ್ಲ. ಇನ್ನೂ ಸ್ವಲ್ಪ. ಬಂತು ಬಂತು, ಅಲ್ಲೇ ಬಿಡು! ಪ್ರಸಾರವೇ ನಿಂತುಹೋದರೆ ‘ರುಕಾವಟ್ ಕೇ ಲಿಯೇ ಖೇದ್ ಹೈ’, ಅಂದರೆ ಅಡಚಣೆಗೆ ವಿಷಾದಿಸುತ್ತೇವೆ ಅನ್ನುವ ಹಿಂದಿ ಫಲಕ ಬರುತ್ತಿತ್ತು. ಅದಕ್ಕೆ ಯಾವ ಪೈಪ್ ತಿರುಗಿಸಿದರೂ ಪ್ರಯೋಜನ ಇರಲಿಲ್ಲ, ಸುಮ್ನೆ ಕಾಯಬೇಕು.

ಆ ರಾತ್ರಿ ಆ ಕೋಣೆಯಲ್ಲಿ ಇಪ್ಪತ್ತು ಜನವಾದರೂ ಇದ್ದೆವು. ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದವರು ಬಾಗಿಲ ಹತ್ತಿರ ನಿಂತಿದ್ದರು. ಫುಟ್‌ಬಾಲ್ ಹುಚ್ಚಿನ ಕೆಜಿಎಫ್ ಪಕ್ಕದಲ್ಲೇ ಇದ್ದುದರಿಂದ ದೊಡ್ಡವರಲ್ಲಿ ಆಟ ಬಲ್ಲವರು ಜಾಸ್ತಿ. ಯಾರು ಆಫ್‌ಸೈಡ್, ಯಾಕೆ ಆಫ್‌ಸೈಡ್ ಅಂತ ಅವರೇ ನಮಗೆ ಹೇಳಿಕೊಡುತ್ತಿದ್ದರು.

ಆಜ್ಟೆಕಾ ಸ್ಟೇಡಿಯಂನಲ್ಲಿ ಅವತ್ತು ಲಕ್ಷಕ್ಕೂ ಮೀರಿ ಜನ. ಮೊದಲ ಗೋಲು ಅರ್ಜೆಂಟೀನಾದ ಹೋಸೆ ಲೂಯಿಸ್ ಬ್ರೌನ್ ಅವರದು, 23ನೇ ನಿಮಿಷ. ಜರ್ಮನಿಯ ಗೋಲ್‌ಕೀಪರ್ ಶೂಮಾಕರ್ ಮುಂದೆ ಬಂದು ಚೆಂಡು ತಪ್ಪಿಸಿಕೊಂಡರು, ಬ್ರೌನ್ ತಲೆಯಿಂದ ಹೊಡೆದರು. ದೇಶಕ್ಕಾಗಿ ಅವರು ಹೊಡೆದ ಗೋಲು ಅದೊಂದೇ. ಆಮೇಲೆ ಅವರ ಭುಜಕ್ಕೆ ಪೆಟ್ಟಾಯಿತು. ಹೊರಗೆ ಹೋಗಲಿಲ್ಲ. ಜರ್ಸಿಯನ್ನು ಹಲ್ಲಿನಿಂದ ಕಚ್ಚಿ ತೂತು ಮಾಡಿ, ಅದರೊಳಗೆ ಬೆರಳು ಸಿಕ್ಕಿಸಿಕೊಂಡು, ಆ ಆಧಾರದಲ್ಲೇ ಕೊನೆಯವರೆಗೆ ಆಡಿದರು. ಇದು ನಮಗೆ ಆಗ ಗೊತ್ತಾಗಲಿಲ್ಲ, ವರ್ಷಗಳ ಮೇಲೆ ಓದಿ ತಿಳಿದದ್ದು. ಗೊತ್ತಿದ್ದಿದ್ದರೆ ಮರುದಿನ ಎಷ್ಟು ಮಕ್ಕಳ ಅಂಗಿ ತೂತಾಗುತ್ತಿತ್ತೋ.

55ಕ್ಕೆ ವಾಲ್ಡಾನೊ ಎರಡನೆಯದು ಹೊಡೆದಾಗ ಮುಗಿಯಿತು ಅಂತ ಕೆಲವರು ಎದ್ದುಹೋದರು. ಆಮೇಲೆ 74ಕ್ಕೆ ರುಮ್ಮೆನಿಗ್ಗೆ. 80ರ ಆಸುಪಾಸಿನಲ್ಲಿ ಫೋಲರ್. ಎರಡೂ ಕಾರ್ನರ್‌ನಿಂದ ಬಂದವು. 2-2. ಹೋದವರು ನಮ್ಮ ಗದ್ದಲ ಕೇಳಿ ಮತ್ತೆ ಓಡಿಬಂದರು. ರಾತ್ರಿ ಒಂದು ದಾಟಿತ್ತು.

ಅದಾಗಿ ಮೂರೇ ನಿಮಿಷ. ಮೈದಾನದ ನಡುವೆ ಸುತ್ತಲೂ ಜರ್ಮನ್ನರು. ಮರಡೋನಾ ಒಂದೇ ತಟ್ಟು ತಟ್ಟಿದರು, ಎಡಗಾಲಲ್ಲಿ. ಚೆಂಡು ಬುರುಚಾಗಾ ಮುಂದೆ ಹೋಗಿ ಬಿತ್ತು. ಮುಂದೆ ಅರ್ಧ ಮೈದಾನ ಖಾಲಿ. ಬುರುಚಾಗಾ ಓಡಿದರು, ಹಿಂದೆ ದೈತ್ಯನಂಥ ಬ್ರೀಗೆಲ್ ಅಟ್ಟಿಸಿಕೊಂಡು ಬಂದರು. ಶೂಮಾಕರ್ ಪಕ್ಕದಿಂದ ಚೆಂಡು ಒಳಗೆ ಹೋಯಿತು. 3-2.

ಈ ಬುರುಚಾಗಾ ಅದಕ್ಕೆ ಎರಡು ವರ್ಷ ಮುಂಚೆ ಕೋಲ್ಕತ್ತದಲ್ಲಿ ಆಡಿದ್ದರು. 1984ರ ಜನವರಿಯ ನೆಹರು ಕಪ್ ಟೂರ್ನಿಗೆ ಕೋಚ್ ಕಾರ್ಲೋಸ್ ಬಿಲಾರ್ಡೊ ತಮ್ಮ ಅರ್ಜೆಂಟೀನಾ ತಂಡವನ್ನು ಕರೆತಂದಿದ್ದರು, ಮರಡೋನಾ ಇಲ್ಲದೆ. ಭಾರತದ ಮೇಲೆ ಅವರು ಗೆದ್ದದ್ದು ಒಂದೇ ಗೋಲಿನಿಂದ. ಕೋಲ್ಕತ್ತದ ಹಳಬರು ಈಗಲೂ ಆ ಪಂದ್ಯದ ಮಾತೆತ್ತುವುದು ಸುಮ್ಮನೆ ಅಲ್ಲ.

ಈಗ ನೆನಪಿನ ವಿಷಯಕ್ಕೆ ಬರುತ್ತೇನೆ. ಈ ಫೈನಲ್ ನೋಡಿದವರನ್ನು ಸಿಕ್ಕಾಗಲೆಲ್ಲ ಮಾತಾಡಿಸುತ್ತೇನೆ. ಬಹಳ ಜನ ಹೇಳುವುದು ಒಂದೇ: ಮರಡೋನಾ ಐದಾರು ಜನರನ್ನು ದಾಟಿ ಗೋಲು ಹೊಡೆದದ್ದನ್ನು ಆ ರಾತ್ರಿ ನೋಡಿದೆವು. ಮರಡೋನಾ ಫೈನಲ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಜರ್ಮನಿಯ ಲೋಥಾರ್ ಮ್ಯಾಥಾಯಸ್ ಅವರಿಗೆ ಅಂಟಿಕೊಂಡೇ ಇದ್ದರು. ಆ ಗೋಲು ಜೂನ್ 22ರದು, ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಹೊಡೆದದ್ದು. ಅದೇ ಪಂದ್ಯದಲ್ಲಿ ಅವರೇ ಕೈಯಿಂದ ತಳ್ಳಿದ ಗೋಲಾಗಿ ನಾಲ್ಕೇ ನಿಮಿಷಕ್ಕೆ. ಅದೂ ಭಾನುವಾರ, ಅದೂ ಹನ್ನೊಂದೂವರೆಗೆ, ಅದೂ ಅದೇ ಸ್ಟೇಡಿಯಂ. ಒಂದೇ ಚಾಪೆ, ಅದೇ ಜನ. ಎರಡು ರಾತ್ರಿ ಸೇರಿ ಒಂದಾಗಿವೆ.

ಇದನ್ನು ಬರೀ ಮರೆವು ಅಂತ ನಾನು ಒಪ್ಪುವುದಿಲ್ಲ. ಇಂಗ್ಲೆಂಡನ್ನು ಸೋಲಿಸಿದ್ದೇ ನಮ್ಮವರಿಗೆ ದೊಡ್ಡದಾಗಿತ್ತು. ನಾಲ್ಕು ವರ್ಷ ಹಿಂದೆ ಫಾಕ್ಲೆಂಡ್ ದ್ವೀಪಗಳಿಗಾಗಿ ಎರಡು ದೇಶಗಳ ನಡುವೆ ಯುದ್ಧವೇ ಆಗಿತ್ತು. ನಮ್ಮ ಕೋಣೆಯಲ್ಲಿದ್ದ ಹಿರಿಯರು ಬ್ರಿಟಿಷರ ಕಾಲದ ರೈಲ್ವೆಯನ್ನು ಕಂಡವರು. ಅವರ ಲೆಕ್ಕದಲ್ಲಿ ಕುಳ್ಳಗೆ ಗುಂಡಗೆ ಇದ್ದ, ಬಡ ಮನೆಯಿಂದ ಬಂದ ಹುಡುಗ ಒಬ್ಬನೇ ಇಂಗ್ಲೆಂಡಿನವರನ್ನೆಲ್ಲ ಸುತ್ತಿಸಿಬಿಟ್ಟ. ಅವರ ಪಾಲಿಗೆ ಫೈನಲ್ ಅದೇ.

ನನ್ನದೇ ನೆನಪೂ ಸರಿ ಇರಲಿಲ್ಲ. ಜರ್ಮನ್ನರು ಕಪ್ಪು ಅಂಗಿ ಹಾಕಿದ್ದರು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಮೊನ್ನೆ ಪೂರ್ತಿ ಪಂದ್ಯವನ್ನು ಫೋನಿನಲ್ಲಿ ಮತ್ತೆ ನೋಡಿದೆ. ಅವರದು ಹಸಿರು ಜರ್ಸಿ. ಬ್ಲ್ಯಾಕ್ ಅಂಡ್ ವೈಟ್ ಪರದೆಯಲ್ಲಿ ಹಸಿರು ಕಪ್ಪಾಗಿ ಕಂಡಿತ್ತು. ಅರ್ಜೆಂಟೀನಾದ ತಿಳಿನೀಲಿ ಪಟ್ಟೆ ಮಾತ್ರ ಆ ರಾತ್ರಿಯೇ ನೋಡಿದ್ದು ಅಂತ ಖಂಡಿತವಾಗಿ ನೆನಪಿದೆ. ಅದು ಪ್ಲಾಸ್ಟಿಕ್ ಹಾಳೆಯ ನೀಲಿಯೇ ಇರಬೇಕು.

1986 ಒಂದೇ ಆಗಿದ್ದರೆ ಈ ಅಭಿಮಾನ ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಅನ್ನಿಸುತ್ತದೆ. 1990ರ ಜುಲೈ 8, ರೋಮ್. ಮತ್ತೆ ಅರ್ಜೆಂಟೀನಾ, ಮತ್ತೆ ಪಶ್ಚಿಮ ಜರ್ಮನಿ, ಮತ್ತೆ ನಮಗೆ ಹನ್ನೊಂದೂವರೆ. ಅರ್ಜೆಂಟೀನಾದ ರಾಷ್ಟ್ರಗೀತೆ ನುಡಿಸುವಾಗಲೇ ಪ್ರೇಕ್ಷಕರು ಕೂಗಾಡಿದರು. 85ನೇ ನಿಮಿಷದಲ್ಲಿ ಬ್ರೆಹ್ಮೆಯ ಪೆನಾಲ್ಟಿ, 1-0. ಆಮೇಲೆ ಮರಡೋನಾ ಅತ್ತರು. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಟಿವಿಗಳು ಏಳೆಂಟಾಗಿದ್ದವು, ಎರಡು ಬಣ್ಣದ್ದು. ಗೆದ್ದವರನ್ನು ಎಲ್ಲರೂ ಇಷ್ಟಪಡುತ್ತಾರೆ ಅಲ್ವಾ? ಸೋತು ಅಳುವವನ ಜೊತೆ ಕೂತು ಅತ್ತಮೇಲೆ ಅವನು ಮನೆಯವನೇ ಆಗಿಬಿಡುತ್ತಾನೆ.

ಆಮೇಲಿನದು ಎಲ್ಲರಿಗೂ ಗೊತ್ತು. ಕೇಬಲ್ ಬಂತು, ಮನೆಗೊಂದು ಟಿವಿ ಬಂತು, ಪಕ್ಕದ ಮನೆಗೆ ಹೋಗುವುದು ನಿಂತಿತು. ಮರಡೋನಾ 2008ರಲ್ಲಿ ಕೋಲ್ಕತ್ತಕ್ಕೆ, 2012ರಲ್ಲಿ ಕಣ್ಣೂರಿಗೆ ಬಂದಾಗ ಸೇರಿದ ಜನರಲ್ಲಿ ನನ್ನ ವಯಸ್ಸಿನವರು ಎಷ್ಟು ಮಂದಿ ಇದ್ದರೋ, ಅವರ ಮಕ್ಕಳೂ ಅಷ್ಟೇ ಇದ್ದಿರಬೇಕು. ಹೀಗೆಯೇ ಇದು ಮುಂದಿನವರಿಗೆ ದಾಟಿದ್ದು. ಮೆಸ್ಸಿಯ ಅಂಗಿ ಹಾಕಿಕೊಂಡ ಹುಡುಗನ ಮನೆಯಲ್ಲಿ ಕೇಳಿದರೆ, ಹಿಂದೆ ಒಬ್ಬ ಅಪ್ಪನೋ ಚಿಕ್ಕಪ್ಪನೋ 1986ರ ರಾತ್ರಿ ನಿದ್ದೆಗೆಟ್ಟವರು ಸಿಗುವುದು ಹೆಚ್ಚು.

2022ರ ಡಿಸೆಂಬರ್ 18ರ ಫೈನಲ್ ನಮಗೆ ರಾತ್ರಿ ಎಂಟೂವರೆಗೇ ಇತ್ತು. 3-3 ಆಗಿ, ಪೆನಾಲ್ಟಿಯಲ್ಲಿ 4-2ರಿಂದ ಅರ್ಜೆಂಟೀನಾ ಗೆದ್ದಾಗ ನಾನು ಮೊದಲು ಫೋನ್ ಮಾಡಿದ್ದು ಗಾರ್ಡ್ ಮಾಮನ ಮಗನಿಗೆ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಬುರುಚಾಗಾ ಗೋಲಿನ ಮಾತು ತಾನಾಗೇ ಬಂತು. ಆಗ ಹೇಳಿದ, ಆ ಗೋಲು ಅವನು ನೋಡೇ ಇಲ್ಲವಂತೆ. ಫೋಲರ್ ಸಮ ಮಾಡಿದ ಮೇಲೆ ಗಾಳಿ ಜೋರಾಗಿ ಟಿವಿಯ ಚಿತ್ರ ಅಲ್ಲಾಡಿತ್ತು. ಅವನು ಕತ್ತಲಲ್ಲಿ ಪೈಪ್ ಹಿಡಿದು ನಿಂತಿದ್ದ. ಒಳಗಿನಿಂದ ‘ಬಂತು, ಬಿಡು’ ಅನ್ನುವ ಕೂಗಿಗೆ ಕಾಯುತ್ತಿದ್ದನಂತೆ, ಅದರ ಬದಲು ಗೋಲ್ ಅನ್ನುವ ಕೂಗು ಕೇಳಿತು. ಬಿಟ್ಟು ಓಡಿಬಂದರೆ ಚಿತ್ರ ಹೋಗುತ್ತದೆ ಅಂತ ಪಂದ್ಯ ಮುಗಿಯುವವರೆಗೂ ಹಾಗೇ ಹಿಡಿದುಕೊಂಡೇ ಇದ್ದನಂತೆ.