‘ಮುಟ್ಟಬೇಡಿ’ ಬೋರ್ಡಿನ ಹಿಂದಿನ ಕಥೆ

ಮ್ಯೂಸಿಯಂ ಅಂದ ತಕ್ಷಣ ನೆನಪಾಗುವುದೇ ‘ಮುಟ್ಟಬೇಡಿ’ ಬೋರ್ಡು, ಅಲ್ವಾ? ಅದು ಮೊದಲಿನಿಂದ ಇದ್ದದ್ದಲ್ಲ. 1683ರಲ್ಲಿ ಬಾಗಿಲು ತೆರೆದ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಜನ ವಸ್ತುಗಳನ್ನು ಕೈಗೆತ್ತಿಕೊಂಡೇ ನೋಡುತ್ತಿದ್ದರು. 1710ರಲ್ಲಿ ಅಲ್ಲಿಗೆ ಹೋದ ಜರ್ಮನ್ ಪ್ರವಾಸಿ ಉಫೆನ್‌ಬಾಖ್, ಇಲ್ಲಿ ಬಂದವರೆಲ್ಲ ಕಂಡದ್ದಕ್ಕೆಲ್ಲ ಕೈ ಹಾಕ್ತಾರೆ ಅಂತ ಗೊಣಗಿ ಬರೆದಿಟ್ಟಿದ್ದಾನೆ.

19ನೇ ಶತಮಾನದಲ್ಲಿ ಜನ ಜಾಸ್ತಿ ಬರತೊಡಗಿದರು, ಗಾಜಿನ ಪೆಟ್ಟಿಗೆಗಳೂ ಜಾಸ್ತಿಯಾದವು. ಮುಟ್ಟಬೇಡಿ ಅನ್ನಲು ಕೊಟ್ಟ ಕಾರಣವೇನೂ ಸುಳ್ಳಲ್ಲ. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ, ಹಳೆ ಬಟ್ಟೆ ಸವೆಯುತ್ತದೆ. ಆದರೆ ಕಣ್ಣು ಕಾಣದವರ ಪಾಲಿಗೆ ಉಳಿದದ್ದು ತಣ್ಣನೆಯ ಗಾಜು ಮತ್ತು ಜೊತೆಗೆ ಬಂದವರು ಹೇಳಿದಷ್ಟು ವಿವರಣೆ.

ಇದನ್ನು ಬದಲಿಸಲು ಹೊರಟವರಲ್ಲಿ ನನಗೆ ಇಷ್ಟವಾದವರು ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಮ್ಯೂಸಿಯಂನ ಚಾರ್ಲ್‌ಟನ್ ಡೀಸ್. 1913ರಲ್ಲೇ ಅವರು ಅಂಧ ಮಕ್ಕಳನ್ನು, ಆಮೇಲೆ ದೊಡ್ಡವರನ್ನೂ ಕರೆಸಿ, ಸತ್ತ ಮೇಲೆ ಚರ್ಮ ತುಂಬಿ ಉಳಿಸಿದ ಪ್ರಾಣಿಗಳು, ಅಸ್ಥಿಪಂಜರ ಎಲ್ಲವನ್ನೂ ಮುಟ್ಟಿ ನೋಡಲು ಬಿಟ್ಟರು. ನಕಲುಗಳನ್ನಲ್ಲ, ಅಸಲಿ ವಸ್ತುಗಳನ್ನೇ!

ಅಲ್ಲಿಯೂ ಬಾಗಿಲು ತೆರೆದವರು ಕಣ್ಣಿದ್ದವರೇ. ಏನು ಮುಟ್ಟಬೇಕು, ಯಾವತ್ತು ಬರಬೇಕು ಅಂತ ತೀರ್ಮಾನಿಸುವವರೂ ಅವರೇ. ಇಟಲಿಯ ಅಂಕೋನಾದಲ್ಲಿ 1993ರಲ್ಲಿ ಶುರುವಾದ ಒಮೆರೊ ಮ್ಯೂಸಿಯಂ ಬೇರೆಯಾಗುವುದು ಇಲ್ಲಿ. ಅದರ ಕನಸು ಕಂಡ ಆಲ್ಡೊ ಗ್ರಸ್ಸೀನಿ, ಡಾನಿಯೆಲಾ ಬೊಟ್ಟೆಗೋನಿ ದಂಪತಿ ಇಬ್ಬರೂ ಅಂಧರು. ಅಲ್ಲಿ ಮುಟ್ಟುವುದೇ ನಿಯಮ, ಕಣ್ಣಿದ್ದವರಿಗೂ.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 30ನೇ ವಿಧಿಯಲ್ಲಿ ಮ್ಯೂಸಿಯಂ ಅನ್ನುವ ಪದವೇ ಇದೆ. ಅಂದರೆ ಇದು ಯಾರದೋ ದೊಡ್ಡ ಮನಸ್ಸಿನ ಮಾತಲ್ಲ, ಹಕ್ಕಿನ ಮಾತು. 2015ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ಆರು ಚಿತ್ರಗಳ ನಕಲುಗಳನ್ನು ಉಬ್ಬಿಸಿ ಮುದ್ರಿಸಿ ಮುಟ್ಟಲು ಇಟ್ಟಿತು.

ಆದರೆ ಉಬ್ಬಿಸಿದ ಮಾತ್ರಕ್ಕೆ ಚಿತ್ರ ಅರ್ಥವಾಗಲ್ಲ. ಕಣ್ಣು ಚಿತ್ರವನ್ನು ಒಟ್ಟಿಗೆ ಹಿಡಿಯುತ್ತದೆ, ಬೆರಳು ಒಂದೊಂದೇ ತುಂಡನ್ನು ಹುಡುಕಿ ಜೋಡಿಸಿಕೊಳ್ಳಬೇಕು. ಅದಕ್ಕೆ ಸಮಯ ಬೇಕು, ಎಲ್ಲಿಂದ ಶುರು ಮಾಡಬೇಕೆಂದು ಹೇಳುವ ಧ್ವನಿ ಬೇಕು. ಸುಮ್ನೆ ಒಂದು ಬ್ರೈಲ್ ಫಲಕ ಅಂಟಿಸಿ ಕೆಲಸ ಮುಗಿಯಿತು ಅಂದುಕೊಳ್ಳುವವರೂ ಇದ್ದಾರೆ. ಬ್ರೈಲ್ ಓದಲು ಬಾರದ ಅಂಧರು ಬಹಳ ಮಂದಿ. ಓದಬಲ್ಲವರಿಗಾದರೂ, ಆ ಫಲಕ ಯಾವ ಗೋಡೆಯ ಯಾವ ಮೂಲೆಯಲ್ಲಿದೆ ಅಂತ ಹೇಳುವವರು ಯಾರು?